ಕಮಲಾ ಸೊಹೊನಿ

ಕಮಲಾ ಸೊಹೊನಿ (ಜೂನ್ 18, 1911 – ಜೂನ್ 28, 1998) ಭಾರತದ ಹೆಸರಾಂತ ಜೀವರಸಾಯನ ವಿಜ್ಞಾನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಾಗಿಲನ್ನು ಮಹಿಳೆಯರಿಗೆ ತೆರೆಯಿಸಿದವರಲ್ಲಿ ಇವರು ಮೊದಲಿಗರು. ಸಸ್ಯಗಳ ಜೀವಕೋಶಗಳಲ್ಲಿ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಇರುವುದನ್ನು ಇವರು ತೋರಿಸಿಕೊಟ್ಟರು. ಈ ಅಣು ಇಂದು ಕ್ಯಾನ್ಸರ್ ಔಷಧಗಳ ಸಂಶೋಧನೆಯಲ್ಲಿಯೂ ರೋಗಸೂಚಕಗಳ ಅಧ್ಯಯನದಲ್ಲಿಯೂ ಮಹತ್ವದ ಸ್ಥಾನ ಪಡೆದಿದೆ.

ಬಾಲ್ಯ ಮತ್ತು ಶಿಕ್ಷಣ

ಕಮಲಾ ಭಾಗವತ್ ಇಂದೋರಿನಲ್ಲಿ ಜನಿಸಿದರು. ತಂದೆ ನಾರಾಯಣರಾವ್ ಹಾಗೂ ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನ ವಿಜ್ಞಾನಿಗಳು; ಬೆಂಗಳೂರಿನ ಟಾಟಾ ಸಂಸ್ಥೆಯಲ್ಲಿ ಓದಿದವರು. ಮರಾಠಿಯ ಪ್ರಸಿದ್ಧ ಲೇಖಕಿ ದುರ್ಗಾ ಭಾಗವತ್ ಇವರ ಅಕ್ಕ. ಕಮಲಾ 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಬಿ.ಎಸ್‌ಸಿ. ಪದವಿ ಪಡೆದರು.

ಬೆಂಗಳೂರಿನಲ್ಲಿ

ಹಿರಿಯರ ಹಾದಿಯಲ್ಲಿಯೇ ನಡೆಯಬಯಸಿದ ಕಮಲಾ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಸಲ್ಲಿಸಿದರು. ಅರ್ಹತೆಯಿದ್ದರೂ, ಮಹಿಳೆ ಎಂಬ ಕಾರಣಕ್ಕೆ ಆಗಿನ ನಿರ್ದೇಶಕ ಸಿ. ವಿ. ರಾಮನ್ ಅವರು ಪ್ರವೇಶ ನಿರಾಕರಿಸಿದರು. ಕಮಲಾ ನಿರ್ದೇಶಕರ ಕಚೇರಿಯ ಎದುರು ಸತ್ಯಾಗ್ರಹ ಹೂಡಿದರು. ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ದೊರೆಯಿತು: ಮೊದಲ ವರ್ಷ ಪರೀಕ್ಷಾರ್ಥ ಅವಧಿ, ಕೆಲಸ ತೃಪ್ತಿಕರವೆನಿಸುವವರೆಗೆ ಮಾನ್ಯತೆಯಿಲ್ಲ, ಗಂಡಸರ ಗಮನಕ್ಕೆ ಭಂಗ ತರಬಾರದು. ಈ ಅವಮಾನವನ್ನು ಅವರು ಎಂದಿಗೂ ಮರೆಯಲಿಲ್ಲ.

ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಹಾಲು ಹಾಗೂ ದ್ವಿದಳ ಧಾನ್ಯಗಳ ಪ್ರೋಟೀನುಗಳನ್ನು ಕುರಿತು ಸಂಶೋಧನೆ ನಡೆಸಿ, 1936ರಲ್ಲಿ ಎಂ.ಎಸ್‌ಸಿ. ಪದವಿಯನ್ನು ಉನ್ನತ ಶ್ರೇಣಿಯಲ್ಲಿ ಗಳಿಸಿದರು. ಇವರ ಸಾಧನೆಯನ್ನು ಕಂಡ ರಾಮನ್ ಮುಂದೆ ಇತರ ಮಹಿಳೆಯರಿಗೂ ಪ್ರವೇಶ ನೀಡಿದರು.

ಕೇಂಬ್ರಿಜ್ ಮತ್ತು ಸೈಟೋಕ್ರೋಮ್ ಸಿ

ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ಗೆ ತೆರಳಿದ ಕಮಲಾ, ರಾಬಿನ್ ಹಿಲ್ ಅವರ ಬಳಿ ಆಲೂಗಡ್ಡೆಯ ಜೀವಕೋಶಗಳ ಉಸಿರಾಟವನ್ನು ಅಧ್ಯಯನ ಮಾಡಿದರು. ಸೈಟೋಕ್ರೋಮ್ ಕಬ್ಬಿಣದ ಅಂಶವುಳ್ಳ ಪ್ರೋಟೀನ್. ಅದಕ್ಕೆ ಆ ಹೆಸರಿಟ್ಟವರು ಕೇಂಬ್ರಿಜ್‌ನವರೇ ಆದ ಡೇವಿಡ್ ಕೀಲಿನ್ (1925). ಎಲೆಕ್ಟ್ರಾನುಗಳನ್ನು ಸಾಗಿಸಿ ಜೀವಕೋಶಕ್ಕೆ ಶಕ್ತಿ ಒದಗಿಸುವುದರಲ್ಲಿ ನೆರವಾಗುವ ಈ ಅಣು ಸಸ್ಯಗಳಲ್ಲಿಯೂ ಇದೆಯೆಂದು ಕಮಲಾ ಸ್ಥಾಪಿಸಿದರು. ಕೇವಲ 40 ಪುಟಗಳ ಪ್ರಬಂಧಕ್ಕೆ 1939ರಲ್ಲಿ ಪಿಎಚ್.ಡಿ. ದೊರೆಯಿತು.

ಸ್ವದೇಶದಲ್ಲಿ

ಅದೇ ವರ್ಷ ಭಾರತಕ್ಕೆ ಮರಳಿದ ಅವರು ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿಯೂ ಅನಂತರ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿಯೂ ಸೇವೆ ಸಲ್ಲಿಸಿದರು. 1947ರಲ್ಲಿ ಎಂ. ವಿ. ಸೊಹೊನಿ ಅವರನ್ನು ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿದರು. ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿ, ಮುಂದೆ ನಿರ್ದೇಶಕಿಯಾಗಿ ದುಡಿದರು. ಬಡವರ ಆಹಾರದ ಪೌಷ್ಟಿಕತೆಯೇ ಅವರ ಸಂಶೋಧನೆಯ ಮುಖ್ಯ ಕ್ಷೇತ್ರವಾಗಿತ್ತು. ಜೀರ್ಣಕ್ರಿಯೆಗೆ ಅಗತ್ಯವಾದ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ವಸ್ತುವನ್ನು ಅವರು ಅವರೆಕಾಳಿನಿಂದ ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಕಾಳುಗಳನ್ನು ಚೆನ್ನಾಗಿ ಬೇಯಿಸಿದಾಗ ಇಂತಹ ವಸ್ತುಗಳ ಪ್ರಭಾವ ಬಹುಮಟ್ಟಿಗೆ ತಗ್ಗುತ್ತದೆ. ನೀರಾದ ಪೋಷಕಾಂಶಗಳನ್ನು ಕುರಿತ ಅಧ್ಯಯನಕ್ಕೆ ರಾಷ್ಟ್ರಪತಿ ಪ್ರಶಸ್ತಿ ಲಭಿಸಿತು. 1966ರಲ್ಲಿ ಸ್ಥಾಪನೆಯಾದ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದ ಸ್ಥಾಪಕ ಸದಸ್ಯರಲ್ಲಿ ಇವರೂ ಒಬ್ಬರು.

ವೈದ್ಯಕೀಯದಲ್ಲಿ ಸೈಟೋಕ್ರೋಮ್ ಸಿ

ಉಸಿರಾಟದ ಅಣುವೆಂದೇ ಪರಿಚಿತವಾಗಿದ್ದ ಸೈಟೋಕ್ರೋಮ್ ಸಿ ಜೀವಕೋಶದ ಸಾವಿನಲ್ಲಿಯೂ ಪಾತ್ರ ವಹಿಸುತ್ತದೆಂದು 1996ರಲ್ಲಿ ಶಿಯಾವೊಡಾಂಗ್ ವಾಂಗ್ ಅವರ ತಂಡ ತೋರಿಸಿತು. ಮೈಟೋಕಾಂಡ್ರಿಯಾದಿಂದ ಹೊರಬಿದ್ದ ಈ ಅಣು ಕ್ಯಾಸ್ಪೇಸ್ ಎಂಬ ಕಿಣ್ವಗಳನ್ನು ಎಚ್ಚರಿಸುತ್ತದೆ. ಅವು ಜೀವಕೋಶವನ್ನು ಕ್ರಮಬದ್ಧವಾಗಿ ಅಳಿಸುತ್ತವೆ. ಹಲವು ಕ್ಯಾನ್ಸರ್ ಕೋಶಗಳು ಬಿಸಿಎಲ್-2 ಎಂಬ ಪ್ರೋಟೀನಿನ ನೆರವಿನಿಂದ ಈ ಬಿಡುಗಡೆಯನ್ನು ತಡೆದು ಬದುಕುಳಿಯುತ್ತವೆ. 2016ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ವೆನೆಟೊಕ್ಲ್ಯಾಕ್ಸ್ ಎಂಬ ಔಷಧ ಬಿಸಿಎಲ್-2ನ್ನು ಗುರಿಯಾಗಿಸಿಕೊಂಡು ಆ ತಡೆಯನ್ನು ನಿವಾರಿಸುತ್ತದೆ.

ಕೋಶಗಳು ಹಾನಿಗೊಂಡಾಗ ಸೈಟೋಕ್ರೋಮ್ ಸಿ ರಕ್ತಕ್ಕೂ ಸೇರುತ್ತದೆ. ಆದ್ದರಿಂದ ಹೃದಯಾಘಾತ, ಯಕೃತ್ತಿನ ಹಾನಿ ಮುಂತಾದವುಗಳ ಸೂಚಕವಾಗಿ ಇದನ್ನು ಬಳಸಬಹುದೇ ಎಂಬ ಪರಿಶೀಲನೆ ನಡೆದಿದೆ. ಆದರೆ ಯಾವ ಅಂಗಕ್ಕೆ ಹಾನಿಯಾಗಿದೆ ಎಂಬುದನ್ನು ಇದೊಂದರಿಂದಲೇ ಹೇಳಲಾಗದು. ಹೀಗಾಗಿ ಇದಿನ್ನೂ ಸಾಮಾನ್ಯ ಪರೀಕ್ಷೆಯಾಗಿ ರೂಢಿಗೆ ಬಂದಿಲ್ಲ.

ನಿಧನ ಮತ್ತು ಸ್ಮರಣೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಏರ್ಪಡಿಸಿದ್ದ ಸನ್ಮಾನ ಸಮಾರಂಭದಲ್ಲಿ ಕುಸಿದುಬಿದ್ದ ಸೊಹೊನಿಯವರು ಅನಂತರ ಹೆಚ್ಚು ಕಾಲ ಬದುಕಲಿಲ್ಲ. ಅವರ 112ನೆಯ ಜನ್ಮದಿನವಾದ ಜೂನ್ 18, 2023ರಂದು ಗೂಗಲ್ ತನ್ನ ಮುಖಪುಟದಲ್ಲಿ ಡೂಡಲ್ ಪ್ರಕಟಿಸಿ ಗೌರವ ಸಲ್ಲಿಸಿತು.