ಕರ್ನಲ್ ಮೆಕೆಂಜಿ ಮತ್ತು ಅಮರಾವತಿಯ ರೇಖಾಚಿತ್ರಗಳು

ವಿಶಾಖಪಟ್ಟಣದ ಸಮೀಪದ ಶಂಕರಂ, ಬಾವಿಕೊಂಡ, ತೊಟ್ಲಕೊಂಡಗಳಿಂದ ಮೊದಲ್ಗೊಂಡು ವಿಜಯವಾಡದ ಮೇಲ್ಭಾಗದಲ್ಲಿ ಕೃಷ್ಣೆಯ ಬಲದಂಡೆಯಲ್ಲಿರುವ ಅಮರಾವತಿಯವರೆಗಿನ ಪ್ರದೇಶವು ಪ್ರಾಚೀನ ಬೌದ್ಧ ಸ್ತೂಪ ವಿಹಾರಗಳ ನೆಲೆ. ಇವುಗಳಲ್ಲಿ ಅಗ್ರಗಣ್ಯವಾದ ಅಮರಾವತಿಯ ಮಹಾಸ್ತೂಪವು ಇಂದು ತನ್ನ ಮೂಲರೂಪದಲ್ಲಿ ಉಳಿದಿಲ್ಲ. ಅದರ ಶಿಲ್ಪಗಳ ಪೈಕಿ ಕೆಲವಂತೂ ಕಾಗದದ ಮೇಲಿನ ರೇಖೆಗಳಾಗಿ ಮಾತ್ರ ಬದುಕಿವೆ. ಆ ರೇಖೆಗಳನ್ನು ಬರೆಯಿಸಿದವನು ಕರ್ನಲ್ ಕಾಲಿನ್ ಮೆಕೆಂಜಿ.

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೋವೇ ಎಂಬಲ್ಲಿ 1754ರಲ್ಲಿ ಜನಿಸಿದ ಮೆಕೆಂಜಿ, 1783ರಲ್ಲಿ ಮದರಾಸಿಗೆ ಬಂದು ಕಂಪನಿಯ ಸೈನ್ಯದಲ್ಲಿ ಎಂಜಿನಿಯರನಾದನು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಪಾಲ್ಗೊಂಡ ಬಳಿಕ ಮೈಸೂರು ಸೀಮೆಯ ಮೋಜಣಿಯ ಹೊಣೆ ಅವನ ಪಾಲಿಗೆ ಬಂದಿತು. ಭಾರತೀಯ ಭಾಷೆಗಳಲ್ಲಿ ಅವನಿಗೆ ಪರಿಣತಿಯಿರಲಿಲ್ಲ. ಆ ಕೊರತೆಯನ್ನು ತುಂಬಿದವರು ಏಲೂರಿನ ಕಾವಲಿ ವೆಂಕಟ ಬೋರಯ್ಯ ಮತ್ತು ಅವನ ಸೋದರರು. 1803ರಲ್ಲಿ ಬೋರಯ್ಯ ಅಕಾಲ ಮರಣಕ್ಕೆ ತುತ್ತಾದ ಮೇಲೆ ತಮ್ಮನಾದ ಲಕ್ಷ್ಮಯ್ಯ ಆ ಕಾರ್ಯವನ್ನು ಮುಂದುವರಿಸಿದನು. 1804ರಲ್ಲಿ ಕನಕಗಿರಿಯ ದೇವಚಂದ್ರನೊಡನೆ ಒದಗಿದ ಭೇಟಿಯು ಮುಂದೆ 'ರಾಜಾವಳಿ ಕಥೆ'ಯ ರಚನೆಗೆ ಪ್ರೇರಣೆಯಾದುದು ಕನ್ನಡ ಸಾಹಿತ್ಯ ಚರಿತ್ರೆಗೆ ಸಂದ ಲಾಭ.

ಅಮರಾವತಿಯನ್ನು ಮೆಕೆಂಜಿ ಮೊದಲು ಕಂಡದ್ದು 1797ರಲ್ಲಿ. ಜಮೀನುದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಅಲ್ಲಿ ಹೊಸ ಪಟ್ಟಣವನ್ನು ಕಟ್ಟಿಸುತ್ತಿದ್ದ ಕಾಲವದು. ದೀಪಾಲದಿನ್ನೆ ಎಂದು ಜನರು ಕರೆಯುತ್ತಿದ್ದ ದಿಬ್ಬವನ್ನು ಇಟ್ಟಿಗೆ ಕಲ್ಲುಗಳಿಗಾಗಿ ಅಗೆಯಲಾಗುತ್ತಿತ್ತು. ಮೆಕೆಂಜಿ 1816ರಲ್ಲಿ ಮರಳಿ ಬರುವಷ್ಟರಲ್ಲಿ ದಿಬ್ಬದ ನಡುಭಾಗ ಕೆರೆಯಾಗಿ ಮಾರ್ಪಟ್ಟಿತ್ತು. ಸುಣ್ಣದ ಕಲ್ಲಿನ ಶಿಲ್ಪಫಲಕಗಳು ಹೊಸ ಕಟ್ಟಡಗಳಿಗೂ ಸುಣ್ಣದ ಗೂಡುಗಳಿಗೂ ಸಲ್ಲುತ್ತಿದ್ದವು. ಆಗ ಅವನು ಕೈಗೊಂಡ ಕ್ರಮ ಸರಳವಾದುದು: ಉಳಿದುದನ್ನು ಅಳೆದು ಬರೆಯಿಸುವುದು. ಹ್ಯಾಮಿಲ್ಟನ್, ನ್ಯೂಮನ್, ಮರ್ಡಕ್ ಬ್ರೌನ್, ಪ್ಯಾರೀಲಾಲ್ ಮೊದಲಾದ ನಕ್ಷೆಗಾರರು ಪೆನ್ಸಿಲ್ಲು ಮಸಿಗಳಿಂದ ಫಲಕಗಳನ್ನು ಚಿತ್ರಿಸಿದರು. ಸ್ತೂಪಕ್ಕೆ ಕೈಮುಗಿದ ಭಕ್ತವೃಂದ, ಮೇಲೆ ಹಾರುವ ದೇವತೆಗಳು, ದ್ವಾರದ ಸಿಂಹಗಳು ಅಲ್ಲಿ ಮೂಡಿವೆ. ಹಲವು ಚಿತ್ರಗಳಲ್ಲಿ ಬರೆದವನ ಹೆಸರು, ದಿನಾಂಕ ಹಾಗೂ ಅಳತೆ ನಮೂದಾಗಿವೆ. ಮೋಜಣಿದಾರನ ಶಿಸ್ತು ಇಲ್ಲಿ ಶಿಲ್ಪದ ಸೇವೆಗೆ ನಿಂತಿದೆ.

ಮೆಕೆಂಜಿ ಈ ಸ್ಮಾರಕವನ್ನು ಜೈನರದೆಂದು ಭಾವಿಸಿದ್ದನು. ಊಹೆ ತಪ್ಪಾದರೂ ರೇಖೆ ತಪ್ಪಲಿಲ್ಲ. 1845ರಲ್ಲಿ ವಾಲ್ಟರ್ ಎಲಿಯಟ್ ಅಗೆಯಿಸಿ ತೆಗೆದ ಫಲಕಗಳು ಲಂಡನ್ನಿಗೆ ಹೋದವು. ಜೇಮ್ಸ್ ಫರ್ಗುಸನ್ 1868ರಲ್ಲಿ ಅಮರಾವತಿಯನ್ನು ಕುರಿತು ಬರೆದಾಗ ಆ ಫಲಕಗಳೊಡನೆ ಮೆಕೆಂಜಿಯ ಚಿತ್ರಗಳೂ ಅವನಿಗೆ ಆಧಾರವಾದವು. ಮೆಕೆಂಜಿಯೂ ಕೆಲವು ಶಿಲ್ಪಗಳನ್ನು ಅಲ್ಲಿಂದ ಸಾಗಿಸಿದ್ದನೆಂಬುದನ್ನು ಮರೆಯಲಾಗದು. ಅವನ ಮೋಜಣಿ ಕಂಪನಿಯ ಆಡಳಿತದ ಅಂಗವಾಗಿತ್ತೆಂಬುದೂ ನಿಜ.

1816ರಲ್ಲಿಯೇ ಥಾಮಸ್ ಹಿಕಿ ರಚಿಸಿದ ಭಾವಚಿತ್ರದಲ್ಲಿ ಮೆಕೆಂಜಿಯ ಸುತ್ತ ಮೂವರು ಭಾರತೀಯ ಸಹಾಯಕರಿದ್ದಾರೆ. ದೂರದಲ್ಲಿ ಗೊಮ್ಮಟನ ಮೂರ್ತಿ ಕಾಣುತ್ತದೆ. ಒಬ್ಬನ ಹೆಸರಿನಲ್ಲಿ ನಿಂತ ಕಾರ್ಯವು ಹಲವರ ದುಡಿಮೆಯೆಂಬುದಕ್ಕೆ ಆ ಚಿತ್ರವೇ ಸಾಕ್ಷಿ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ ನೇಮಕಗೊಂಡ ಮೆಕೆಂಜಿ, 1821ರ ಮೇ 8ರಂದು ಕಲ್ಕತ್ತೆಯ ಸಮೀಪದಲ್ಲಿ ತೀರಿಕೊಂಡನು. 1828ರಲ್ಲಿ ಎಚ್. ಎಚ್. ವಿಲ್ಸನ್ ಪ್ರಕಟಿಸಿದ ಸೂಚಿಯ ಪ್ರಕಾರ ಅವನ ಸಂಗ್ರಹದಲ್ಲಿ 8,076 ಶಾಸನಗಳು, 2,630 ಚಿತ್ರಗಳು ಹಾಗೂ 6,218 ನಾಣ್ಯಗಳಿದ್ದವು.

ಆ ಸಂಗ್ರಹಕ್ಕೆ ಸೇರಿದ ಕನ್ನಡ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1994ರಲ್ಲಿ ಪ್ರಕಟಿಸಿತು. ಊರಿನ ಹಿರಿಯರ ಬಾಯಿಮಾತನ್ನು ಕೈಫಿಯತ್ತು ಹಿಡಿದಂತೆ, ನಾಶದ ಅಂಚಿನಲ್ಲಿದ್ದ ಶಿಲ್ಪವನ್ನು ಅಮರಾವತಿಯ ರೇಖೆ ಹಿಡಿಯಿತು. ಇವೆರಡನ್ನೂ ಒಂದೇ ಪ್ರಯತ್ನದ ಎರಡು ಮುಖಗಳಾಗಿ ನೋಡಿದಾಗಲೇ ಮೆಕೆಂಜಿಯ ಹಾಗೂ ಅವನ ಸಹಾಯಕರ ಸಾಧನೆಯ ಪೂರ್ಣ ಬೆಲೆ ತಿಳಿಯುತ್ತದೆ.