ಒಲಿಂಪಿಕ್ಸ್ ಪದಕ ಕಾಣದ ‘ಹಾರುವ ಮೀನು’

1948ರ ಆಗಸ್ಟ್ ತಿಂಗಳ ಮೊದಲ ವಾರ. ಯುದ್ಧಾನಂತರದ ಪ್ರಥಮ ಒಲಿಂಪಿಕ್ಸ್ ಲಂಡನ್ನಿನಲ್ಲಿ ನಡೆಯುತ್ತಿತ್ತು. ಯುದ್ಧದಲ್ಲಿ ಸೋತ ಜಪಾನ್ ಮತ್ತು ಜರ್ಮನಿಗೆ ಆಹ್ವಾನ ಇರಲಿಲ್ಲ. ಅದೇ ದಿನಗಳಲ್ಲಿ ಟೋಕಿಯೋದ ಜಿಂಗು ಈಜುಕೊಳದಲ್ಲಿ ಜಪಾನಿನ ರಾಷ್ಟ್ರೀಯ ಈಜು ಚಾಂಪಿಯನ್‌ಷಿಪ್ ಏರ್ಪಾಡಾಗಿತ್ತು. ದಿನಾಂಕಗಳು ಕೂಡಿಬಂದದ್ದು ಆಕಸ್ಮಿಕವಲ್ಲ. ಮದುವೆಗೆ ಕರೆ ಬಾರದವರು ತಮ್ಮ ಅಂಗಳದಲ್ಲೇ ಚಪ್ಪರ ಹಾಕಿದ್ದರು.

ಆಗಸ್ಟ್ 6ರಂದು ಆ ಕೊಳದಲ್ಲಿ 19 ವರ್ಷದ ವಿದ್ಯಾರ್ಥಿ ಹಿರೊನೋಶಿನ್ ಫುರುಹಾಶಿ 1500 ಮೀಟರ್ ಫ್ರೀಸ್ಟೈಲ್ ಸ್ಪರ್ಧೆಯನ್ನು 18 ನಿಮಿಷ 37 ಸೆಕೆಂಡುಗಳಲ್ಲಿ ಮುಗಿಸಿದರು. ಲಂಡನ್ನಿನಲ್ಲಿ ಅಮೆರಿಕದ ಜೇಮ್ಸ್ ಮೆಕ್‌ಲೇನ್ ಇದೇ ಸ್ಪರ್ಧೆಯ ಚಿನ್ನ ಗೆದ್ದದ್ದು 19 ನಿಮಿಷ 18.5 ಸೆಕೆಂಡುಗಳಲ್ಲಿ. ಇಬ್ಬರೂ ಒಂದೇ ನೀರಿಗಿಳಿದಿದ್ದರೆ ಒಲಿಂಪಿಕ್ ಚಾಂಪಿಯನ್ 50 ಮೀಟರಿಗೂ ಹೆಚ್ಚು ಹಿಂದೆ ಉಳಿಯುತ್ತಿದ್ದರು. 400 ಮೀಟರಿನಲ್ಲೂ ಅದೇ ಕಥೆ: ಲಂಡನ್ನಿನ ಚಿನ್ನಕ್ಕೆ 4 ನಿಮಿಷ 41 ಸೆಕೆಂಡು ಬೇಕಾದರೆ, ಟೋಕಿಯೋದಲ್ಲಿ ಫುರುಹಾಶಿಗೆ 4 ನಿಮಿಷ 33.4 ಸೆಕೆಂಡು ಸಾಕಾಯಿತು.

ಆದರೆ ಈ ಅಂಕಿಗಳು ಯಾವ ಅಧಿಕೃತ ಪುಸ್ತಕಕ್ಕೂ ಸೇರಲಿಲ್ಲ. ಅಂತರರಾಷ್ಟ್ರೀಯ ಈಜು ಒಕ್ಕೂಟದಲ್ಲಿ ಆಗ ಜಪಾನಿಗೆ ಸದಸ್ಯತ್ವವಿರಲಿಲ್ಲ. ಹಿಂದಿನ ವರ್ಷ, ಅಂದರೆ 1947ರಲ್ಲಿ, 400 ಮೀಟರಿನಲ್ಲಿ ಅವರು ವಿಶ್ವದಾಖಲೆಗಿಂತ ವೇಗವಾಗಿ ಈಜಿದ್ದಕ್ಕೂ ಮಾನ್ಯತೆ ಸಿಕ್ಕಿರಲಿಲ್ಲ. ಜಪಾನೀಯರ ಕೊಳದ ಅಳತೆಯೇ ಕಡಿಮೆ ಇರಬೇಕು, ಗಡಿಯಾರ ನಿಧಾನವಾಗಿ ಓಡಿರಬೇಕು ಎಂದು ಅಮೆರಿಕದಲ್ಲಿ ಅನುಮಾನಪಟ್ಟವರೂ ಇದ್ದರು.

ಫುರುಹಾಶಿ ಹುಟ್ಟಿದ್ದು 1928ರ ಸೆಪ್ಟೆಂಬರ್ 16ರಂದು, ಶಿಜುಒಕಾ ಪ್ರಾಂತ್ಯದ ಹಮಾನಾ ಸರೋವರದ ಸಮೀಪ. ಪ್ರಾಥಮಿಕ ಶಾಲೆಯಲ್ಲಿರುವಾಗಲೇ ತಮ್ಮ ವಯೋಮಾನದ ದಾಖಲೆ ಮುರಿದ ಹುಡುಗ. ಯುದ್ಧ ತೀವ್ರಗೊಂಡಾಗ ವಿದ್ಯಾರ್ಥಿಗಳನ್ನು ಕಾರ್ಖಾನೆಗಳ ದುಡಿಮೆಗೆ ಕಳುಹಿಸಲಾಯಿತು. ಅಲ್ಲಿ ಯಂತ್ರಕ್ಕೆ ಸಿಲುಕಿ ಅವರ ಎಡಗೈ ಮಧ್ಯದ ಬೆರಳಿನ ತುದಿ ತುಂಡಾಯಿತು. ಈಜುಗಾರನಿಗೆ ಅಂಗೈಯೇ ಹುಟ್ಟುಗೋಲು. ಬೆರಳಿನ ಒಂದು ಗೆಣ್ಣು ಹೋದರೂ ನೀರಿನ ಹಿಡಿತ ತಪ್ಪುತ್ತದೆ. ಈಜು ತನ್ನ ಪಾಲಿಗೆ ಮುಗಿಯಿತೆಂದು ಕೈಚೆಲ್ಲಲು ಅಷ್ಟೇ ಸಾಕಿತ್ತು. ಅವರು ಕೈಚೆಲ್ಲಲಿಲ್ಲ.

ಯುದ್ಧ ಮುಗಿದ 1945ರಲ್ಲೇ ನಿಹೋನ್ ವಿಶ್ವವಿದ್ಯಾಲಯ ಸೇರಿದರು. ಊರುಗಳು ಸುಟ್ಟು ಬೂದಿಯಾಗಿದ್ದ, ಅನ್ನದ ಬದಲು ಗೆಣಸು ತಿಂದು ದಿನ ದೂಡುತ್ತಿದ್ದ ಕಾಲವದು. ದೂರದ ಈಜಿಗೆ ಬೇಕಾದ ದೇಹಬಲವನ್ನು ಅಂಥ ಊಟದಲ್ಲಿ ಸಂಪಾದಿಸಿದ್ದು ಹೇಗೆಂಬುದು ಇಂದಿನ ಕ್ರೀಡಾ ಆಹಾರತಜ್ಞರಿಗೆ ಒಗಟಾಗಬಹುದು. ಸಹಪಾಠಿ ಶಿರೊ ಹಾಶಿಜುಮೆ ಅವರಿಗೆ ತಕ್ಕ ಎದುರಾಳಿಯಾಗಿದ್ದರು. 1948ರ ಆ 1500 ಮೀಟರ್ ಸ್ಪರ್ಧೆಯಲ್ಲೂ ಇಬ್ಬರ ನಡುವಿನ ಅಂತರ ಒಂದು ಸೆಕೆಂಡಿಗಿಂತ ಕಡಿಮೆ.

1949ರ ಜೂನ್‌ನಲ್ಲಿ ಜಪಾನಿನ ಸದಸ್ಯತ್ವ ಮರಳಿತು. ಆಗಸ್ಟ್‌ನಲ್ಲಿ ಆರು ಮಂದಿ ಈಜುಗಾರರ ತಂಡ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಾಗಿ ಲಾಸ್ ಏಂಜಲೀಸ್‌ಗೆ ಹೊರಟಿತು. ಪರ್ಲ್ ಹಾರ್ಬರ್ ನೆನಪು ಇನ್ನೂ ಹಸಿಯಾಗಿದ್ದ ನಾಡು ಅದು. ತಂಡಕ್ಕೆ ತನ್ನ ಮನೆಯಲ್ಲೇ ಆಶ್ರಯ ನೀಡಿದವರು ಅಲ್ಲಿನ ಜಪಾನಿ ಮೂಲದ ದಿನಸಿ ವ್ಯಾಪಾರಿ ಫ್ರೆಡ್ ವಾಡ. (ಟೋಕಿಯೋಗೆ 1964ರ ಒಲಿಂಪಿಕ್ಸ್ ದಕ್ಕಿಸಿಕೊಡಲು ಲ್ಯಾಟಿನ್ ಅಮೆರಿಕದ ದೇಶಗಳನ್ನು ಸುತ್ತಿ ಬೆಂಬಲ ಕೇಳಿದವರೂ ಇವರೇ.)

ಆಗಸ್ಟ್ 16ರಂದು 1500 ಮೀಟರ್ ಹೀಟ್ಸ್. ಮೊದಲು ನೀರಿಗಿಳಿದ ಹಾಶಿಜುಮೆ 18 ನಿಮಿಷ 35.7 ಸೆಕೆಂಡುಗಳಲ್ಲಿ ಮುಗಿಸಿ ಹಳೆಯ ವಿಶ್ವದಾಖಲೆಯನ್ನು ಅಳಿಸಿದರು. ಆ ಹೊಸ ದಾಖಲೆಯ ಆಯುಷ್ಯ ಮುಂದಿನ ಹೀಟ್‌ವರೆಗೆ ಮಾತ್ರ. ಫುರುಹಾಶಿ 18 ನಿಮಿಷ 19 ಸೆಕೆಂಡುಗಳಲ್ಲಿ ಗೋಡೆ ಮುಟ್ಟಿದರು. 1938ರಿಂದ ಪುಸ್ತಕದಲ್ಲಿದ್ದ ದಾಖಲೆ 18 ನಿಮಿಷ 58.8 ಸೆಕೆಂಡು, ಸುಮಾರು 40 ಸೆಕೆಂಡು ಒಂದೇ ದಿನದಲ್ಲಿ ಕರಗಿಹೋಗಿತ್ತು. ಈ ಬಾರಿ ಕೊಳ ಅಮೆರಿಕದ್ದು, ಗಡಿಯಾರವೂ ಅಮೆರಿಕದ್ದೇ. ಅನುಮಾನಿಸಿದ್ದ ದೇಶದ ಪತ್ರಿಕೆಗಳು ಅವರನ್ನು ಫುಜಿಯಾಮಾದ ಹಾರುವ ಮೀನು ಎಂದು ಕೊಂಡಾಡಿದವು. ಅದೇ ವರ್ಷ ಹಿದೇಕಿ ಯುಕಾವಾ ಭೌತಶಾಸ್ತ್ರದ ನೊಬೆಲ್ ಪಡೆದರು. ಸೋತು ಕಂಗೆಟ್ಟಿದ್ದ ಜಪಾನೀಯರಿಗೆ ತಲೆಯೆತ್ತಿ ನಡೆಯಲು ಈ ಇಬ್ಬರು ಕಾರಣರಾದರು.

ಮುಂದಿನ ಒಲಿಂಪಿಕ್ಸ್ 1952ರಲ್ಲಿ. ಅಲ್ಲಿಯವರೆಗೆ ದೇಹ ಕಾಯಲಿಲ್ಲ. 1950ರ ದಕ್ಷಿಣ ಅಮೆರಿಕ ಪ್ರವಾಸದಲ್ಲಿ ಆಮಶಂಕೆ ತಗುಲಿತು. ಅದರಿಂದ ಅವರು ಪೂರ್ತಿಯಾಗಿ ಚೇತರಿಸಿಕೊಳ್ಳಲೇ ಇಲ್ಲ. ಹೆಲ್ಸಿಂಕಿಗೆ ಹೋದಾಗ ವಯಸ್ಸು 23, ಉತ್ತುಂಗ ದಾಟಿಯಾಗಿತ್ತು. 400 ಮೀಟರ್ ಫೈನಲ್‌ನಲ್ಲಿ ಎಂಟು ಮಂದಿಯಲ್ಲಿ ಎಂಟನೆಯವರಾದರು. ಚಿನ್ನ ಗೆದ್ದ ಫ್ರಾನ್ಸಿನ ಜಾನ್ ಬ್ವಾತೋ ಅವರನ್ನು ಅಪ್ಪಿಕೊಳ್ಳಲು ಅವರ ತಂದೆ ತೊಟ್ಟ ಬಟ್ಟೆಯಲ್ಲೇ ಕೊಳಕ್ಕೆ ಹಾರಿದ ಪ್ರಸಂಗವನ್ನು ಕ್ರೀಡಾಪ್ರೇಮಿಗಳು ಇಂದಿಗೂ ನೆನೆಯುತ್ತಾರೆ. ಅದೇ ಹೊತ್ತಿನಲ್ಲಿ ಜಪಾನಿನ ರೇಡಿಯೋ ವೀಕ್ಷಕ ವಿವರಣೆಗಾರ ಗದ್ಗದ ಕಂಠದಲ್ಲಿ, ಫುರುಹಾಶಿಯನ್ನು ದೂಷಿಸಬೇಡಿರೆಂದು ಕೇಳುಗರನ್ನು ಬೇಡಿಕೊಳ್ಳುತ್ತಿದ್ದ.

ಹೆಲ್ಸಿಂಕಿಯ 1500 ಮೀಟರ್ ಚಿನ್ನ ಅಮೆರಿಕದ ಫೋರ್ಡ್ ಕೊನ್ನೊ ಪಾಲಾಯಿತು, ಬೆಳ್ಳಿ ಹಾಶಿಜುಮೆಗೆ. ಕೊನ್ನೊ ತೆಗೆದುಕೊಂಡ ಸಮಯ 18 ನಿಮಿಷ 30.3 ಸೆಕೆಂಡು. ಅಂದರೆ 1948ರಲ್ಲಾಗಲಿ, 1952ರಲ್ಲಾಗಲಿ, ಈ ದೂರದ ಒಲಿಂಪಿಕ್ ಚಾಂಪಿಯನ್ನರು ಫುರುಹಾಶಿಯ ಅತ್ಯುತ್ತಮ ವೇಗವನ್ನು ಮುಟ್ಟಲಿಲ್ಲ. ಲಾಸ್ ಏಂಜಲೀಸ್‌ನ ದಾಖಲೆ ಮುರಿದದ್ದು 1956ರಲ್ಲಿ. ಅವರ ಸೋಲಿಗೆ ನೀರಿಗಿಂತ ಕ್ಯಾಲೆಂಡರ್ ಹೆಚ್ಚು ಕಾರಣ ಎನ್ನದೆ ವಿಧಿಯಿಲ್ಲ.

ಸ್ಪರ್ಧೆಯಿಂದ ನಿವೃತ್ತರಾದ ಬಳಿಕ ಉಣ್ಣೆ ಬಟ್ಟೆ ಕಂಪನಿಯೊಂದರಲ್ಲಿ ಕೆಲಸ ಮಾಡಿ, ಮುಂದೆ ತಾವು ಓದಿದ ವಿಶ್ವವಿದ್ಯಾಲಯದಲ್ಲೇ ಪ್ರಾಧ್ಯಾಪಕರಾದರು. 1967ರಲ್ಲಿ ಅಂತರರಾಷ್ಟ್ರೀಯ ಈಜು ಕೀರ್ತಿಭವನ ಅವರ ಹೆಸರನ್ನು ಸೇರಿಸಿಕೊಂಡಿತು. ಒಮ್ಮೆ ತಮ್ಮ ದಾಖಲೆಗೆ ಬಾಗಿಲು ಮುಚ್ಚಿದ್ದ ಅಂತರರಾಷ್ಟ್ರೀಯ ಈಜು ಒಕ್ಕೂಟಕ್ಕೇ ಅವರು ಉಪಾಧ್ಯಕ್ಷರಾದರು. ಜಪಾನ್ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿ 1998ರ ನಾಗಾನೊ ಚಳಿಗಾಲದ ಒಲಿಂಪಿಕ್ಸ್ ಕಂಡರು. 2008ರಲ್ಲಿ ಜಪಾನಿನ ಸಂಸ್ಕೃತಿ ಪದಕ ಸಂದಿತು. ಈ ಗೌರವ ಪಡೆದ ಮೊದಲ ಕ್ರೀಡಾಪಟು ಅವರು.

ಮರುವರ್ಷ ವಿಶ್ವ ಈಜು ಚಾಂಪಿಯನ್‌ಷಿಪ್‌ಗಾಗಿ ರೋಮ್‌ಗೆ ತೆರಳಿದ್ದ ಫುರುಹಾಶಿ, 2009ರ ಆಗಸ್ಟ್ 2ರಂದು ಅಲ್ಲಿನ ಹೋಟೆಲ್ ಕೊಠಡಿಯಲ್ಲಿ ನಿಧನರಾದರು. ಕೂಟದ ಕೊನೆಯ ದಿನವದು. ಪುರುಷರ 1500 ಮೀಟರ್ ಫ್ರೀಸ್ಟೈಲ್ ಫೈನಲ್ ನಡೆದದ್ದೂ ಅಂದೇ.