ಸೌಲನು ಊಟಕ್ಕೆ ಕುಳಿತ ಗುಡ್ಡ

ಮಕ್ಕಳೇ, ಬಹಳ ಹಿಂದೆ ಕೀಷನೆಂಬ ಸ್ಥಿತಿವಂತನ ಕತ್ತೆಗಳು ತಪ್ಪಿಸಿಕೊಂಡವು. ಹುಡುಕಿಕೊಂಡು ಬಾ ಎಂದು ಅವನು ಮಗ ಸೌಲನನ್ನು ಒಬ್ಬ ಆಳಿನ ಜೊತೆ ಕಳಿಸಿದ. ಇಬ್ಬರೂ ಬೆಟ್ಟಸೀಮೆಯನ್ನೆಲ್ಲ ಸುತ್ತಿದರು. ಕತ್ತೆಗಳು ಸಿಗಲಿಲ್ಲ, ಕಟ್ಟಿಕೊಂಡ ಬುತ್ತಿಯೂ ಮುಗಿಯಿತು. ಇಲ್ಲೊಬ್ಬ ದೇವರ ಮನುಷ್ಯರಿದ್ದಾರೆ, ಅವರನ್ನೇ ಕೇಳೋಣ ಎಂದ ಆಳು. ಕಾಣಿಕೆಗೆಂದು ಅವನ ಹತ್ತಿರ ಒಂದು ಚೂರು ಬೆಳ್ಳಿ ಇತ್ತು. ಊರಿನ ಏರು ಹತ್ತುವಾಗ ನೀರಿಗೆ ಹೊರಟಿದ್ದ ಹುಡುಗಿಯರು ಎದುರಾದರು. ಬೇಗ ಹೋಗಿ, ಇವತ್ತು ಮೇಲೆ ಬಲಿ ಇದೆ, ಅವರು ಬಂದು ಹರಸುವವರೆಗೂ ಯಾರೂ ಊಟಕ್ಕೆ ಕೂರುವುದಿಲ್ಲ ಎಂದು ದಾರಿ ತೋರಿಸಿದರು.

ಆ ದೇವರ ಮನುಷ್ಯನೇ ಪ್ರವಾದಿ ಸಮುವೇಲ. ಅವನು ಸೌಲನನ್ನು ಮೇಲಕ್ಕೆ ಕರೆದುಕೊಂಡು ಹೋಗಿ, ಸುಮಾರು 30 ಜನ ಸೇರಿದ್ದ ಊಟದ ಮನೆಯಲ್ಲಿ ಎಲ್ಲರಿಗಿಂತ ಮೊದಲ ಜಾಗದಲ್ಲಿ ಕೂರಿಸಿದ. ಬೇರೆಯಾಗಿ ಎತ್ತಿಟ್ಟಿದ್ದ ತೊಡೆಯ ಭಾಗವನ್ನು ಅಡುಗೆಯವನು ತಂದು ಅವನ ಮುಂದಿಟ್ಟ. ಕತ್ತೆಗಳ ಚಿಂತೆ ಬಿಡು, ಅವು ಸಿಕ್ಕಿವೆ ಎಂದೂ ಸಮುವೇಲ ಹೇಳಿದ್ದ. ಕತ್ತೆ ಹುಡುಕಲು ಹೊರಟ ಹುಡುಗ ಮರುದಿನ ಹೊತ್ತಿಗೆ ಇಸ್ರಾಯೇಲ್ಯರ ಮೊದಲ ಅರಸನಾಗಲು ಅಭಿಷೇಕ ಪಡೆದಿದ್ದ.

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ನನಗೆ ತುಂಬಾ ಇಷ್ಟವಾದ ಕಥೆಗಳಲ್ಲಿ ಇದೊಂದು. ಸೌಲ ಉಂಡ ಆ ಜಾಗವನ್ನು ಹೀಬ್ರೂ ಭಾಷೆಯಲ್ಲಿ ಬಾಮಾ ಎನ್ನುತ್ತಾರೆ. ಕನ್ನಡ ಬೈಬಲಿನಲ್ಲಿ ಅದು ಪೂಜಾಸ್ಥಳ. ರಜೆಯಲ್ಲಿ ಊರಿಗೆ ಹೋದಾಗ ಚಾಮುಂಡಿ ಬೆಟ್ಟ ಹತ್ತಿದವರು ಅಲ್ಲಿಯ ಗೋಪುರವನ್ನು ನೆನೆಸಿಕೊಳ್ಳಬೇಡಿ. ಬಾಮಾ ಎಂದರೆ ಹೆಚ್ಚಾಗಿ ಬಯಲು. ಕಲ್ಲಿನ ಒಂದು ಬಲಿಪೀಠ, ನೆಟ್ಟಗೆ ನಿಲ್ಲಿಸಿದ ಒಂದೆರಡು ಕಲ್ಲು, ಪಕ್ಕದಲ್ಲಿ ಮರ. ಎಲ್ಲವೂ ಗುಡ್ಡದ ನೆತ್ತಿಯಲ್ಲೇ ಇದ್ದವೆಂದೂ ಅಲ್ಲ. ಊರ ಹೆಬ್ಬಾಗಿಲ ಬಳಿ ಇದ್ದ ಪೂಜಾಸ್ಥಳಗಳ ಮಾತೂ ಬೈಬಲಿನಲ್ಲಿ ಬರುತ್ತದೆ. ಜನ ಕುರಿ, ಹೋರಿಗಳನ್ನು ತಂದು ಬಲಿ ಕೊಡುತ್ತಿದ್ದರು. ಇಂಥ ಹಬ್ಬದೂಟದ ಬಲಿಯಲ್ಲಿ ಕೊಬ್ಬನ್ನು ದೇವರಿಗೆಂದು ಸುಡುತ್ತಿದ್ದರು, ಒಂದು ಪಾಲು ಯಾಜಕನಿಗೆ ಸಲ್ಲುತ್ತಿತ್ತು, ಉಳಿದದ್ದನ್ನು ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಮಾಂಸವೆಂಬುದು ದಿನದ ಊಟವಾಗಿರದ ಆ ಕಾಲದಲ್ಲಿ ಬಲಿಯ ದಿನ ಊರಿಗೆಲ್ಲ ಹಬ್ಬ.

ಸೌಲನ ನಂತರದ ಅರಸ ದಾವೀದನ ಮಗ ಸೊಲೊಮೋನನೂ ಗಿಬ್ಯೋನಿನ ದೊಡ್ಡ ಪೂಜಾಸ್ಥಳಕ್ಕೆ ಹೋಗಿದ್ದ. ಅಲ್ಲೇ ರಾತ್ರಿ ಕನಸಿನಲ್ಲಿ ದೇವರು ಕಾಣಿಸಿಕೊಂಡು ಏನು ಬೇಕೆಂದು ಕೇಳಿದಾಗ, ಅವನು ಐಶ್ವರ್ಯವನ್ನೂ ದೀರ್ಘಾಯುಸ್ಸನ್ನೂ ಬಿಟ್ಟು ವಿವೇಕವನ್ನು ಬೇಡಿದನೆಂದು ಕಥೆ. ಯೆರೂಸಲೇಮಿನಲ್ಲಿ ಆಗಿನ್ನೂ ದೇವಾಲಯ ಕಟ್ಟಿರಲಿಲ್ಲ.

ಇವೆಲ್ಲ ಪುಸ್ತಕದ ಮಾತು. ನೆಲ ಅಗೆದಾಗ ಏನು ಸಿಕ್ಕಿತು? ಇಸ್ರೇಲಿನ ಉತ್ತರ ತುದಿಯ ತೇಲ್ ದಾನ್‌ನಲ್ಲಿ ಅವ್ರಹಾಂ ಬಿರಾನ್ ಎಂಬ ಪುರಾತತ್ವಜ್ಞರು 1966ರಿಂದ ದಶಕಗಳ ಕಾಲ ಉತ್ಖನನ ಮಾಡಿದರು. ಅಲ್ಲಿ ದೊಡ್ಡ ಕಲ್ಲಿನ ಜಗಲಿ, ಕಬ್ಬಿಣದ ಸಲಿಕೆಗಳು, ದೊಡ್ಡ ಬಲಿಪೀಠವೊಂದರ ಮೂಲೆಯ ಕೊಂಬು ಸಿಕ್ಕವು. ಹೌದು, ಬಲಿಪೀಠಕ್ಕೆ ಕೊಂಬು! ನಾಲ್ಕು ಮೂಲೆಗಳಲ್ಲೂ ಕಲ್ಲನ್ನು ಕೊಂಬಿನಂತೆ ಮೇಲಕ್ಕೆ ಚಾಚಿಸುತ್ತಿದ್ದರು. ಆ ಬಲಿಪೀಠ ಎಷ್ಟು ದೊಡ್ಡದಿತ್ತೆಂದು ತಿಳಿಯಲಿ ಎಂದು ಈಗ ಅದೇ ಜಾಗದಲ್ಲಿ ಲೋಹದ ಚೌಕಟ್ಟು ನಿಲ್ಲಿಸಿದ್ದಾರೆ. ಸಮಾರ್ಯದ ಒಂದು ಗುಡ್ಡದ ಮೇಲೆ, ಕಲ್ಲುಗಳನ್ನು ಸುತ್ತಲೂ ಜೋಡಿಸಿದ್ದ ಬಯಲಿನಲ್ಲಿ, ಸುಮಾರು 18 ಸೆಂ.ಮೀ. ಉದ್ದದ ಕಂಚಿನ ಹೋರಿ ಸಿಕ್ಕಿದೆ. ಅದಕ್ಕೆ ಮೂರು ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸು.

ನನ್ನನ್ನು ಹೆಚ್ಚು ಕಾಡುವುದು ದಕ್ಷಿಣದ ಬೇರ್ಷೆಬದ ಬಲಿಪೀಠ. 1973ರಲ್ಲಿ ಅಲ್ಲಿಯ ಹಳೆಯ ಉಗ್ರಾಣದ ಗೋಡೆಯಲ್ಲಿ ಕೆಲವು ಕಲ್ಲುಗಳು ಬೇರೆಯಾಗಿ ಕಂಡವು. ಚೆನ್ನಾಗಿ ಕೆತ್ತಿದ ಕಲ್ಲುಗಳು, ಒಂದರ ಮೇಲೆ ಹಾವಿನ ಚಿತ್ರ. ಬಿಡಿಸಿ ಜೋಡಿಸಿದರೆ ಸುಮಾರು 1.6 ಮೀಟರ್ ಎತ್ತರದ ಕೊಂಬಿನ ಬಲಿಪೀಠ! ಯಾರೋ ಅದನ್ನು ಕಳಚಿ ಗೋಡೆಗೆ ಸೇರಿಸಿಬಿಟ್ಟಿದ್ದರು.

ಕಳಚಿದ್ದೇಕೆ? ಕ್ರಿ.ಪೂ. ಎಂಟನೆಯ ಶತಮಾನದ ಕೊನೆಗೆ ಇಸ್ರಾಯೇಲ್ಯರ ದಕ್ಷಿಣ ರಾಜ್ಯವಾದ ಯೆಹೂದದ ಅರಸ ಹಿಜ್ಕೀಯ ಪೂಜಾಸ್ಥಳಗಳನ್ನು ತೆಗೆಸಿದನೆಂದು ಬೈಬಲ್ ಹೇಳುತ್ತದೆ. ಬೇರ್ಷೆಬದ ಕಲ್ಲುಗಳು ಗೋಡೆ ಸೇರಿದ್ದು ಆಗಲೇ ಎಂದು ಹಲವು ವಿದ್ವಾಂಸರ ಊಹೆ. ಅವನ ನಂತರ, ಕ್ರಿ.ಪೂ. 622ರ ಸುಮಾರಿಗೆ, ಅರಸ ಯೋಷೀಯ ಇನ್ನೂ ಕಟ್ಟುನಿಟ್ಟು ಮಾಡಿದ. ದೇವಾಲಯದಲ್ಲಿ ಸಿಕ್ಕ ಧರ್ಮಶಾಸ್ತ್ರದ ಸುರುಳಿಯನ್ನು ಓದಿಸಿ ಕೇಳಿ, ಯೆರೂಸಲೇಮಿನ ಹೊರತು ಬೇರೆಲ್ಲೂ ಬಲಿ ಕೂಡದೆಂದು ಪೂಜಾಸ್ಥಳಗಳನ್ನು ಕೆಡವಿಸಿದ. ಬಾಳ, ಅಶೇರ ಎಂಬ ಬೇರೆ ದೇವತೆಗಳ ಪೂಜೆ ಅಲ್ಲಿ ಬೆರೆತಿದೆ ಎಂಬುದು ಸುಧಾರಕರ ದೂರು. ದೇವರೊಬ್ಬನೇ, ಅವನಿಗೆ ದೇವಾಲಯವೂ ಒಂದೇ ಎಂಬ ನಂಬಿಕೆ ಗಟ್ಟಿಯಾಗುತ್ತಿದ್ದ ಕಾಲ ಅದು. ರಾಜಧಾನಿಯ ಕೈ ಬಲವಾಗಲೆಂಬ ಲೆಕ್ಕವೂ ಅದರಲ್ಲಿ ಇದ್ದೀತು.

ಹೀಗಾಗಿ ಬೈಬಲಿನ ಅರಸರ ಚರಿತ್ರೆಯಲ್ಲಿ ಪೂಜಾಸ್ಥಳ ಎಂದರೆ ಬಹುಪಾಲು ಬೈಗುಳವೇ. ಆದರೆ ಅಜ್ಜ ಮುತ್ತಜ್ಜರು ಮೊರೆಯಿಟ್ಟ ಗುಡ್ಡದ ಕಲ್ಲುಗಳನ್ನು ಅರಸನ ಆಳುಗಳು ಬಂದು ಉರುಳಿಸಿದಾಗ ಆ ಹಳ್ಳಿಗಳ ಜನಕ್ಕೆ ಏನನ್ನಿಸಿತೆಂದು ಯಾರೂ ಬರೆದಿಡಲಿಲ್ಲ. ಅವರು ಕೆಟ್ಟವರಾಗಿರಲಿಲ್ಲ. ಸಮುವೇಲ ಹರಸಿದಂಥ ಊಟವನ್ನೇ ಅವರೂ ಉಂಡವರು. ಯೋಷೀಯನ ಭಕ್ತಿ ಸುಳ್ಳೆಂದೂ ನಾನು ಹೇಳಲಾರೆ. ನಿಮ್ಮ ತರಗತಿಯ ಯೆಹೂದಿ, ಕ್ರೈಸ್ತ ಗೆಳೆಯರ ಧರ್ಮಗಳು ಈ ಎರಡೂ ಕಡೆಯವರಿಂದ ಬೆಳೆದು ಬಂದಿವೆ.

ಬೆಟ್ಟದ ಮೇಲಿನ ಬಲಿ ಇವತ್ತಿಗೂ ಒಂದು ಕಡೆ ನಿಂತಿಲ್ಲ. ನಾಬ್ಲುಸ್ ಪಟ್ಟಣದ ಪಕ್ಕದ ಗೆರಿಜೀಮ್ ಬೆಟ್ಟವೇ ದೇವರು ಆರಿಸಿದ ಸ್ಥಳವೆಂದು ನಂಬುವ ಸಮಾರ್ಯರು ಪ್ರತಿ ವರ್ಷ ಪಸ್ಕ ಹಬ್ಬಕ್ಕೆ ಅಲ್ಲಿ ಸೇರಿ ಕುರಿಗಳನ್ನು ಬಲಿ ಕೊಡುತ್ತಾರೆ. ಅವರ ಸಂಖ್ಯೆ ಸಾವಿರವನ್ನೂ ಮುಟ್ಟುವುದಿಲ್ಲ.

ಬಾಮಾ ಇದ್ದದ್ದು ಇಸ್ರಾಯೇಲ್ಯರಲ್ಲಿ ಮಾತ್ರವಲ್ಲ. ಪ್ಯಾರಿಸ್‌ಗೆ ಹೋಗುವ ಅವಕಾಶ ಸಿಕ್ಕರೆ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಮೇಷನ ಶಾಸನವನ್ನು ನೋಡಿ ಬನ್ನಿ. ಇಸ್ರಾಯೇಲ್ಯರ ನೆರೆಯ ಮೋವಾಬಿನ ಅರಸ ಮೇಷ ತನ್ನ ದೇವರು ಕೆಮೋಷನಿಗೆ ಬಾಮಾ ಕಟ್ಟಿಸಿದೆನೆಂದು ಕ್ರಿ.ಪೂ. ಒಂಬತ್ತನೆಯ ಶತಮಾನದಲ್ಲಿ ಆ ಕಪ್ಪು ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಅಲ್ಲಿಯವರೆಗೆ, ನಿಮ್ಮ ಊರಿನ ಗ್ರಂಥಾಲಯದಿಂದ ಬೈಬಲ್ ತಂದು ಸಮುವೇಲನ ಮೊದಲ ಪುಸ್ತಕದ 9ನೇ ಅಧ್ಯಾಯವನ್ನು ಅಪ್ಪ ಅಮ್ಮನ ಜೊತೆ ಕೂತು ಓದಿ.